ಊರು ಕೊಟ್ಟ ಉತ್ತರಪತ್ರಿಕೆ

ಓಬಳಪ್ಪ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಎರಡು ಪೆನ್ನುಗಳ ನಡುವೆ ಒಂದು ಗಾಜಿನ ಥರ್ಮಾಮೀಟರು ಇರುತ್ತಿತ್ತು. ಕತ್ತಲಗೆರೆಯ ಹೈಸ್ಕೂಲಿಗೆ ಹೊಸದಾಗಿ ಬಂದವರು ಅದನ್ನು ಕಂಡು, ಪಾಪ, ಮೇಷ್ಟ್ರಿಗೆ ಮೇಲಿಂದ ಮೇಲೆ ಜ್ವರ ಬರುತ್ತಿರಬೇಕೆಂದು ತಿಳಿಯುತ್ತಿದ್ದರು. ಸಂಗತಿ ಅದಲ್ಲ. ಯಾರಾದರೂ "ಏನ್ ಸಾರ್, ಬಿಸಿಲು ತಲೆ ಸೀಳ್ತೈತೆ" ಎಂದರೆ ಮೇಷ್ಟ್ರು ಥರ್ಮಾಮೀಟರನ್ನು ನೆರಳಿನಲ್ಲಿ ಹಿಡಿದು, ಕೆಂಪು ಗೆರೆ ನಿಲ್ಲುವವರೆಗೆ ಕಾದು, "ಮೂವತ್ತಾರೂವರೆ. ತಲೆ ಸೀಳಾಕೆ ಇಷ್ಟು ಸಾಲಲ್ಲ" ಎಂದು ಶಾಂತವಾಗಿ ತಿಳಿಸುತ್ತಿದ್ದರು. ಮಕ್ಕಳು ಅವರಿಗೆ ಅಳತೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಹೆಸರು ವಸ್ತುವಿಗೆ ಸರಿಯಾಗಿ ಹೊಂದುತ್ತದೆ ಎಂದಷ್ಟೇ ಅವರು ಹೇಳಿದ್ದು.

ಈ ಗುಣ ತಂದೆಯಿಂದ ಬಂದದ್ದು. ಜಗಳೂರಿನ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ತೂಗುವ ಕೆಲಸ ಅವರ ತಂದೆಯದು. ತಕ್ಕಡಿಯ ಮುಳ್ಳು ಅಲ್ಲಾಡುತ್ತಿರುವಾಗ ಅವರು ರೈತನಿಗೂ ಉತ್ತರ ಕೊಡುತ್ತಿರಲಿಲ್ಲ, ವ್ಯಾಪಾರಿಗೂ ಉತ್ತರ ಕೊಡುತ್ತಿರಲಿಲ್ಲ. "ಮುಳ್ಳು ನಿಂತ್ಕಳ್ಳಿ, ಆಮೇಲೆ ಮಾತು" ಎನ್ನುತ್ತಿದ್ದರು. ಮಗ ಆ ಮಾತನ್ನು ಭೌತಶಾಸ್ತ್ರದ ಮೊದಲ ಪಾಠವೆಂದು ಹಿಡಿದುಕೊಂಡೇ ಬಿ.ಎಸ್ಸಿ. ಮುಗಿಸಿದರು, ಬಿ.ಎಡ್. ಮುಗಿಸಿದರು, ವಿಜ್ಞಾನದ ಮೇಷ್ಟ್ರಾದರು. ಹೊನ್ನಾಳಿಯಲ್ಲಿ ಆರು ವರ್ಷ, ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿ ಎಂಟು ವರ್ಷ, ಈಗ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಐದನೆಯದು. ಗೋವಿನಕೋವಿಯಲ್ಲಿದ್ದಾಗ ಅಲ್ಲಿಯವರೇ ಆದ ಅನ್ನಪೂರ್ಣ ಎಂಬುವರನ್ನು ಮದುವೆಯಾದರು. ಈಗ ಸಂಸಾರ ತ್ಯಾವಣಿಗೆಯ ಬಾಡಿಗೆ ಮನೆಯಲ್ಲಿ. ವಯಸ್ಸು ನಲವತ್ತೈದು. ದಿನಪತ್ರಿಕೆಯಲ್ಲಿ ವಿಜ್ಞಾನಿಗಳು ಹೇಳುತ್ತಾರೆ ಎಂಬ ಸುದ್ದಿ ಬಂದರೆ ಅಂಚಿನಲ್ಲಿ 'ಎಷ್ಟು ಜನ?' ಎಂದು ಪೆನ್ಸಿಲಿನಲ್ಲಿ ಬರೆದಿಡುವುದು ಅವರ ಬೆಳಗಿನ ಸಂತೋಷ.

ಇಂಥವರ ಮೇಲೆ ಇಂಗ್ಲಿಷ್ ಬಂದು ಬಿದ್ದಿತು. ಶಾಲೆಯ ಇಂಗ್ಲಿಷ್ ಮೇಡಂ ವರ್ಗವಾಗಿ ಹೋದರು. ಬದಲಿಗೆ ಯಾರೂ ಬರಲಿಲ್ಲ. ಮುಖ್ಯೋಪಾಧ್ಯಾಯರಾದ ಪಂಚಾಕ್ಷರಪ್ಪನವರು ಓಬಳಪ್ಪನವರನ್ನು ಕರೆದು ಕುರ್ಚಿ ತೋರಿಸಿದರು.

"ಓಬಳಪ್ಪನೋರೆ, ನಿಮ್ಮ ಬಿ.ಎಸ್ಸಿ. ಇಂಗ್ಲಿಷಿನಾಗೇ ಆಗಿದ್ದಲ್ವಾ?"

"ಹೌದ್ರಿ. ಆದ್ರೆ ಅದು ಫಿಸಿಕ್ಸು."

"ಇಂಗ್ಲಿಷಿನಾಗೆ ಫಿಸಿಕ್ಸನ್ನೇ ಓದಿ ಮುಗಿಸಿದೋರಿಗೆ, ಇಂಗ್ಲಿಷಿನಾಗೆ ಇಂಗ್ಲಿಷ್ ಓದೋದು ಒಂದು ಕಷ್ಟವೇನ್ರಿ?"

ಈ ತರ್ಕದಲ್ಲಿ ಎಲ್ಲೋ ಒಂದು ತೂತಿದೆಯೆಂದು ಓಬಳಪ್ಪನವರಿಗೆ ಅನ್ನಿಸಿತು. ಅದು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಹತ್ತನೇ ತರಗತಿಯ ಪುಸ್ತಕ ಅವರ ಕೈಯಲ್ಲಿತ್ತು.

ವ್ಯಾಕರಣ ತೊಂದರೆ ಕೊಡಲಿಲ್ಲ. ಅದಕ್ಕೆ ನಿಯಮಗಳಿದ್ದವು, ನಿಯಮ ಮೀರುವುದಕ್ಕೂ ನಿಯಮಗಳಿದ್ದವು. ಕಷ್ಟ ಶುರುವಾದದ್ದು ಮಾತಿನ ಅರ್ಥವನ್ನೇ ವಿವರಿಸುವ ಪದಗಳ ಪಾಠದಲ್ಲಿ. ಒಂದು ಪದಕ್ಕೆ ನಿಘಂಟು ಕೊಡುವ ನೇರ ಅರ್ಥ ಡಿನೋಟೇಶನ್. ಅದೇ ಪದಕ್ಕೆ ಬಳಕೆಯಿಂದ ಅಂಟಿಕೊಂಡ ಬಣ್ಣ ಕಾನೊಟೇಶನ್. ಇದು ಅದರ ಹಾಗಿದೆ ಎಂದರೆ ಸಿಮಿಲಿ. ಇದು ಅದೇ ಎಂದುಬಿಟ್ಟರೆ ಮೆಟಫರ್. ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುವುದು ಹೈಪರ್ಬಲಿ, ಒಂದು ಹೇಳಿ ಅದರ ವಿರುದ್ಧವನ್ನು ಮುಟ್ಟಿಸುವುದು ಐರನಿ, ಕಹಿಯನ್ನು ಮೆತ್ತಗೆ ಮಾಡಿ ಹೇಳುವುದು ಯೂಫೆಮಿಸಂ, ಪದಪದ ಬಿಡಿಸಿದರೆ ಅರ್ಥವೇ ಸಿಗದ ನುಡಿಗಟ್ಟು ಇಡಿಯಂ. ಓಬಳಪ್ಪನವರಿಗೆ ಇಡೀ ಪಟ್ಟಿ ಸಭ್ಯ ಸುಳ್ಳುಗಳ ವರ್ಗೀಕರಣದಂತೆ ಕಂಡಿತು. ಒಂದು ವಸ್ತುವನ್ನು ಇನ್ನೊಂದು ಎನ್ನುವುದಕ್ಕೆ ಇಂಗ್ಲಿಷಿನವರು ಮೆಟಫರ್ ಎನ್ನುತ್ತಾರೆ. ಫಿಸಿಕ್ಸಿನಲ್ಲಿ ಅದಕ್ಕೆ ತಪ್ಪು ಉತ್ತರ ಎನ್ನುತ್ತಾರೆ ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳಿದರು.

ಆದರೂ ಕೆಲಸ ಕೆಲಸವೇ. ಮೂಲವಸ್ತುಗಳ ಕೋಷ್ಟಕದ ಮಾದರಿಯಲ್ಲಿ ಅವರು ಒಂದು ಚಾರ್ಟು ಬರೆದರು: ಎಂಟು ಚೌಕ, ಪ್ರತಿ ಚೌಕದಲ್ಲಿ ಒಂದು ಹೆಸರು, ಒಂದು ವ್ಯಾಖ್ಯೆ, ಗುರುತಿಸುವ ಒಂದು ಪರೀಕ್ಷೆ. ಒಂಬತ್ತನೆಯದಾಗಿ ಆಕ್ಸಿಮೋರಾನ್ ಎಂಬುದೊಂದಿತ್ತು. ಒಂದಕ್ಕೊಂದು ಹೊಡೆದಾಡುವ ಎರಡು ಪದಗಳನ್ನು ಒಟ್ಟಿಗೆ ಕಟ್ಟುವುದು ಅದರ ಲಕ್ಷಣ. ಪರಸ್ಪರ ವಿರುದ್ಧವಾದ ಎರಡು ಮಾತು ಏಕಕಾಲಕ್ಕೆ ನಿಜವಾಗಲಾರವೆಂದು ಓಬಳಪ್ಪನವರು ಅದನ್ನು ಕೈಬಿಟ್ಟರು. ಚಾರ್ಟಿನಲ್ಲಿ ಜಾಗವೂ ಇರಲಿಲ್ಲ.

ಈ ಚಾರ್ಟನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಬರೆದುಕೊಂಡವರು ಹತ್ತನೇ ತರಗತಿಯ ಮಕ್ಕಳಲ್ಲ, ಬಿಸಿಯೂಟದ ಮುಖ್ಯ ಅಡುಗೆಯವರಾದ ಗಾದ್ರಮ್ಮ. ಓಬಳಪ್ಪನವರಂತೆ ಆಕೆಯೂ ಜಗಳೂರು ಕಡೆಯವರು. ವಯಸ್ಸು ನಲವತ್ತೊಂದು. ಗಂಡ ಕೆಂಚೇಶ್ ಟ್ರ್ಯಾಕ್ಟರ್ ಓಡಿಸುತ್ತಾನೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದ ಆಕೆ ಈ ಸಲ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದರು. ಅದಕ್ಕೊಂದು ಸ್ಪಷ್ಟ ಕಾರಣವಿತ್ತು. ನ್ಯಾಮತಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮುಖ್ಯ ಅಡುಗೆಯವರ ಕೆಲಸ ಖಾಲಿಯಾಗುವುದಿತ್ತು; ವರ್ಷವಿಡೀ ಸಂಬಳ, ಇರಲು ಎರಡು ಕೋಣೆಯ ಮನೆ. ಗಾದ್ರಮ್ಮನ ಕೈರುಚಿ ಕಂಡಿದ್ದ ಅಲ್ಲಿನ ವಾರ್ಡನ್ ಸುಧಾ ಮೇಡಂ, "ನೀವೇ ಬನ್ನಿ, ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತ ರೂಲ್ಸ್ ಐತೆ" ಎಂದಿದ್ದರು. ಮೊದಲ ಪರೀಕ್ಷೆಯಲ್ಲೇ ಗಾದ್ರಮ್ಮ ಐದು ವಿಷಯ ದಾಟಿಬಿಟ್ಟರು. ಉಳಿದದ್ದು ಇಂಗ್ಲಿಷ್. ಚಾರ್ಟಿನ ನಕಲನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಸಾರಿನ ಹಬೆಗೆ ಅದು ಮೆತ್ತಗಾಗಿ ಬೀಳುವವರೆಗೆ ಬಾಯಿಪಾಠ ಮಾಡಿ, ಎರಡನೇ ಪರೀಕ್ಷೆ ಬರೆದರು.

ಫಲಿತಾಂಶ ಬಂದ ದಿನ ಮೊಬೈಲನ್ನು ಮೇಷ್ಟ್ರ ಮುಂದೆ ಹಿಡಿದರು. ಮೂವತ್ತೊಂದು. ಬೇಕಿದ್ದದ್ದು ಮೂವತ್ತೈದು.

"ನಾಲ್ಕು ಸಾರ್," ಎಂದರು. "ನಾಲ್ಕು ನೂರು ಜನಕ್ಕೆ ಉಪ್ಪು ಹಾಕ್ತೀನಿ, ಒಂದು ದಿನ ಹೆಚ್ಚುಕಮ್ಮಿ ಆಗಿಲ್ಲ. ಇಲ್ಲಿ ನಾಲ್ಕು ಕಮ್ಮಿ ಬಿತ್ತು ನೋಡ್ರಿ."

ಸುಧಾ ಮೇಡಂ ಫೋನಿನಲ್ಲಿ ಮೂರನೇ ಪರೀಕ್ಷೆಯ ಫಲಿತಾಂಶದ ತನಕ ಕಾಯುವುದಾಗಿಯೂ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುವುದೆಂದೂ ತಿಳಿಸಿದರು. ಆ ಪರೀಕ್ಷೆಗೆ ಉಳಿದದ್ದು ಇಪ್ಪತ್ತೊಂದು ದಿನ.

ಓಬಳಪ್ಪನವರಿಗೆ ಇದು ತಮ್ಮ ಪ್ರಯೋಗ ಕೆಟ್ಟಂತೆ. ಪ್ರಯೋಗ ಕೆಟ್ಟರೆ ಮೊದಲು ಉಪಕರಣ ಬಿಚ್ಚಿ ನೋಡಬೇಕು. ಅರ್ಜಿ ಹಾಕಿ ಉತ್ತರಪತ್ರಿಕೆಯ ಪ್ರತಿ ತರಿಸಿದರು. ನಾಲ್ಕೈದು ದಿನಕ್ಕೆ ಅದು ಶಾಲೆಯ ಕಂಪ್ಯೂಟರಿಗೆ ಬಂದಿತು. ಪತ್ರದ ಪ್ರಶ್ನೆ ಚೆನ್ನಾಗಿತ್ತು, ಪ್ರಬಂಧ ಸುಮಾರು, ವ್ಯಾಕರಣ ಅಲ್ಲಲ್ಲಿ. ಕೆಳಗೆ ಕೊಟ್ಟಿರುವ ಸಾಲಿನಲ್ಲಿರುವ ಅಲಂಕಾರ ಯಾವುದು, ಹೇಗೆ ಎಂದು ಕೇಳಿದ್ದ ಎರಡು ಪ್ರಶ್ನೆಗಳಿದ್ದವು, ಎರಡೆರಡು ಅಂಕದವು. ಮೊದಲನೆಯದರ ಮುಂದೆ ಗಾದ್ರಮ್ಮ ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ 'ಹೊನ್ನಾಳಿ' ಎಂದು ಬರೆದಿದ್ದರು. ಎರಡನೆಯದರ ಮುಂದೆ 'ಜಗಳೂರು' ಎಂದು ಬರೆದಿದ್ದರು. ಎರಡರ ಪಕ್ಕದಲ್ಲೂ ಕೆಂಪು ಶಾಯಿಯ ಸೊನ್ನೆ. ಜಗಳೂರಿನ ಸೊನ್ನೆಯ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇತ್ತು.

ಓಬಳಪ್ಪನವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಬಗೆಬಗೆಯ ತಪ್ಪು ಉತ್ತರ ಕಂಡಿದ್ದರು. ಎಲ್ಲ ತಪ್ಪಿಗೂ ಒಂದು ದಾರಿ ಇರುತ್ತದೆ, ಹಿಂದಕ್ಕೆ ನಡೆದರೆ ಸಿಗುತ್ತದೆ. ಈ ತಪ್ಪಿಗೆ ಮಾತ್ರ ದಾರಿಯೇ ಕಾಣಲಿಲ್ಲ. ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ನಡೆದರು.

ಮಕ್ಕಳ ಊಟ ಮುಗಿದು, ಗಾದ್ರಮ್ಮನೂ ಸಹಾಯಕಿ ತಿಪ್ಪಮ್ಮನೂ ಮೊರ ಇಟ್ಟುಕೊಂಡು ಮರುದಿನದ ಬೇಳೆ ಆರಿಸುತ್ತಿದ್ದರು. ತಿಪ್ಪಮ್ಮ ಅರವತ್ತರ ಹತ್ತಿರದವರು. ನಾಲಿಗೆ ಮಾತ್ರ ಇಪ್ಪತ್ತರದು.

"ಗಾದ್ರಮ್ಮನೋರೆ, ಇದೇನ್ರಿ ಇದು? ಅಲಂಕಾರ ಕೇಳಿದ್ರೆ ಊರು ಬರ್ದೀರಿ?"

ಗಾದ್ರಮ್ಮನಿಗೆ ಆಶ್ಚರ್ಯವಾಯಿತು. "ಉತ್ತರ ಗೊತ್ತಾಗ್ಲಿಲ್ಲ ಸಾರ್. ಅದಕ್ಕೇ ಊರು ಕೊಟ್ಟೆ."

"ಕೊಟ್ಟೆ ಅಂದ್ರೆ?"

"ಅಯ್ಯೋ, ನೀವು ನಮ್ಮ ಕಡೆಯೋರಲ್ವಾ? ಒಗಟು ಬಿಡಿಸಾಕೆ ಆಗ್ಲಿಲ್ಲ ಅಂದ್ರೆ ಊರು ಕೊಡಬೇಕಲ್ಲ?"

"ಪ್ಯಾಟೆ ಹುಡುಗ ಅವ್ರು. ತಕ್ಕಡಿ ಹಿಡ್ಕಂಡು ಬೆಳ್ದೋರು," ಎಂದರು ತಿಪ್ಪಮ್ಮ ಬೇಳೆಯಿಂದ ಕಣ್ಣೆತ್ತದೆ. "ಅವ್ರಿಗೆ ಎಲ್ಲಿ ಗೊತ್ತಾಗ್ಬೇಕು?"

ಗಾದ್ರಮ್ಮ ವಿವರಿಸಿದರು. ಅವರ ಹಳ್ಳಿಯಲ್ಲಿ ಹೆಂಗಸರು ಶೇಂಗಾ ಬಿಡಿಸುವಾಗ ವೃತ್ತವಾಗಿ ಕೂತು ಒಗಟು ಹಾಕುತ್ತಾರೆ. ಬಿಡಿಸಲಾಗದವರು ಒಂದು ಊರು ಕೊಡಬೇಕು. ಒಗಟು ಹಾಕಿದವರು ಆ ಊರನ್ನು ಕಟ್ಟಿಕೊಂಡು ಉತ್ತರ ಹೇಳುತ್ತಾರೆ. ಮುಂದೆ ಯಾವತ್ತಾದರೂ ಗೆದ್ದರೆ ಕೊಟ್ಟ ಊರನ್ನು ಬಿಡಿಸಿಕೊಳ್ಳಬಹುದು. ಉತ್ತರವನ್ನೂ ಹೇಳದೆ, ಊರನ್ನೂ ಕೊಡದೆ ಸುಮ್ಮನೆ ಕೂತವರನ್ನು ಮರುದಿನ ಆ ವೃತ್ತಕ್ಕೆ ಸೇರಿಸುವುದಿಲ್ಲ.

"ಖಾಲಿ ಬಿಟ್ಟು ಬರಾದು ಮರ್ಯಾದೆ ಅಲ್ಲ ಸಾರ್," ಎಂದರು ಗಾದ್ರಮ್ಮ. "ಅಷ್ಟು ದೂರದಿಂದ ಪೇಪರ್ ಮಾಡಿ ಕಳ್ಸಿರ್ತಾರೆ. ಗೊತ್ತಿಲ್ಲ ಅಂತಾನಾದ್ರೂ ಹೇಳ್ಬೇಕಲ್ವಾ?"

"ಹೇಳೋದು ಸರಿ. ನಮ್ಮೂರನ್ನೇ ಕೊಟ್ಟುಬಿಟ್ರಲ್ಲ, ಯಾರಿಗೋ ಏನೋ."

"ಎರಡು ಮಾರ್ಕಿನ ಪ್ರಶ್ನೆ ಅಲ್ವಾ ಸಾರ್? ಸಣ್ಣೂರು ಕೊಟ್ರೆ ಚೆನ್ನಾಗಿರಲ್ಲ ಅಂತ ತಾಲ್ಲೂಕನ್ನೇ ಕೊಟ್ಟೆ."

ಓಬಳಪ್ಪನವರಿಗೆ ನಗು ಬಂದಿತು. ನಗುತ್ತಿರುವಾಗಲೇ ಅವರ ತಲೆಯಲ್ಲಿ ಬೇರೆಯೊಂದು ಮುಳ್ಳು ಅಲ್ಲಾಡತೊಡಗಿತು. ಅಲಂಕಾರದ ಪ್ರಶ್ನೆ ನೋಡಿದ ಕೂಡಲೇ ಈ ಹೆಂಗಸಿಗೆ ಒಗಟು ನೆನಪಾದದ್ದೇಕೆ? ಅಲ್ಲೇ ಒಂದು ಮಣೆ ಎಳೆದುಕೊಂಡು ಕುಳಿತರು.

"ಒಂದು ಒಗಟು ಹಾಕಿ ನೋಡಣ."

ಗಾದ್ರಮ್ಮ ತಿಪ್ಪಮ್ಮನ ಮುಖ ನೋಡಿದರು. ತಿಪ್ಪಮ್ಮ ಹುಬ್ಬು ಹಾರಿಸಿದರು. ಗಾದ್ರಮ್ಮ ಎರಡು ಕಲ್ಲು ಆರಿಸಿ ಪಕ್ಕಕ್ಕೆಸೆದು, "ಕರಿ ಹೊಲ, ಬಿಳಿ ನೇಗಿಲು. ಉತ್ತಷ್ಟೂ ನೇಗಿಲೇ ಸವೀತೈತೆ, ಹೊಲ ಸವಿಯಲ್ಲ. ಏನು?" ಎಂದರು.

ಮೇಷ್ಟ್ರು ಯೋಚಿಸಿದರು. ಎರೆಭೂಮಿಯಲ್ಲಿ ಘರ್ಷಣೆ, ಲೋಹದ ಗಡಸುತನ, ನೇಗಿಲಿನ ಕೋನ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಐದು ನಿಮಿಷವಾಯಿತು.

"ಮೇಷ್ಟ್ರೇ, ಬೇಳೆ ಮುಗೀತು," ಎಂದರು ತಿಪ್ಪಮ್ಮ. "ಊರು ಕೊಡ್ರಿ, ಮನೆಗೆ ಹೋಗ್ಬೇಕು."

"ಚನ್ನಗಿರಿ," ಎಂದರು ಓಬಳಪ್ಪ ಸೋತ ದನಿಯಲ್ಲಿ.

"ಕಟ್ಕಂಡೆ. ಉತ್ತರ ನಿಮ್ಮ ಬೆರಳ ಮೇಲೆ ಐತೆ ನೋಡ್ರಿ."

ಬೆರಳ ಮೇಲೆ ಬಿಳಿಯ ಪುಡಿ ಇತ್ತು. ಚಾಕ್‌ಪೀಸು, ಕರಿಹಲಗೆ. ಹತ್ತೊಂಬತ್ತು ವರ್ಷ ಉತ್ತ ಹೊಲ.

ಆ ಸಂಜೆ ಸ್ಕೂಟರಿನಲ್ಲಿ ತ್ಯಾವಣಿಗೆಗೆ ಹೋಗುತ್ತಾ ಅವರಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ಒಗಟೆಂದರೆ ಅರ್ಧ ಮುಚ್ಚಿಟ್ಟ ಮೆಟಫರ್. ಕರಿಹಲಗೆ ಒಂದು ಹೊಲ ಎಂದು ಪೂರ್ತಿ ಹೇಳಿದರೆ ಪಠ್ಯಪುಸ್ತಕದ ಉದಾಹರಣೆ. ಕರಿಹಲಗೆಯನ್ನು ಬಚ್ಚಿಟ್ಟು ಹೊಲವನ್ನಷ್ಟೇ ತೋರಿಸಿದರೆ ಶೇಂಗಾದ ವೃತ್ತ. ಗಾದ್ರಮ್ಮನಿಗೆ ವಸ್ತು ಗೊತ್ತು, ಹೆಸರು ಹಿಡಿದಿಲ್ಲ. ತಾವು ಇಷ್ಟು ದಿನ ಹೆಸರನ್ನು ಕೊಟ್ಟು ವಸ್ತುವನ್ನು ಹುಡುಕಿಸುತ್ತಿದ್ದದ್ದು. ಪ್ರಯೋಗಶಾಲೆಯಲ್ಲಿ ಲೇಬಲ್ಲುಗಳನ್ನು ಬಾಯಿಪಾಠ ಮಾಡಿಸಿ ಸೀಸೆಗಳನ್ನೇ ತೋರಿಸದಿದ್ದ ಹಾಗೆ. ಹೀಗೆ ಯೋಚಿಸಿದ ಮೇಲೆ, ಈಗಷ್ಟೇ ತಾವೂ ಒಂದು ಸಿಮಿಲಿ ಬಳಸಿದೆವೆಂದು ಅವರಿಗೆ ಹೊಳೆದು, ಸ್ಕೂಟರ್ ಸ್ವಲ್ಪ ನಿಧಾನವಾಯಿತು.

ಮರುದಿನದಿಂದ ಊಟದ ನಂತರದ ಅರ್ಧ ಗಂಟೆ ಬೇಳೆ ಆರಿಸುವ ಜಾಗವೇ ಶಾಲೆ. ಗಾದ್ರಮ್ಮ ಒಗಟು ಹಾಕುವುದು, ಮೇಷ್ಟ್ರು ಬಿಡಿಸುವುದು ಅಥವಾ ಸೋಲುವುದು, ಆಮೇಲೆ ಅದೇ ಒಗಟನ್ನು ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸಿ ಹೆಸರು ಕೇಳುವುದು.

"ಚಾಕ್‌ಪೀಸು ನೇಗಿಲಿದ್ದಂಗೆ ಅಂದ್ರೆ?"

"ಸಿಮಿಲಿ. ಹಂಗೆ ಅನ್ನೋದು ಹೊರಗೆ ಕಾಣ್ತೈತಲ್ಲ."

"ಚಾಕ್‌ಪೀಸೇ ನೇಗಿಲು ಅಂದ್ರೆ?"

"ಮೆಟಫರ್." ಗಾದ್ರಮ್ಮ ಮೊರ ಕೆಳಗಿಟ್ಟು, "ಇಷ್ಟಕ್ಕೆ ಅಷ್ಟು ದಪ್ಪ ಹೆಸರು ಇಟ್ಟೋರು ಯಾರು ಸಾರ್? ಇಟ್ಟೋರಿಗೆ ಕೆಲಸ ಇರ್ಲಿಲ್ವಾ?" ಎಂದರು.

ಡಿನೋಟೇಶನ್ ಮತ್ತು ಕಾನೊಟೇಶನ್ ಮಾತ್ರ ಎರಡು ದಿನ ಬಗೆಹರಿಯಲಿಲ್ಲ. ಮೇಷ್ಟ್ರು ನಿಘಂಟು ತಂದರು, ಉದಾಹರಣೆ ಕೊಟ್ಟರು, ತಾವೇ ಗೊಂದಲಕ್ಕೆ ಬಿದ್ದರು. ಮೂರನೆಯ ದಿನ ಕಣ್ಣು ಅನ್ನದ ಪಾತ್ರೆಯ ಮೇಲೆ ಹೋಯಿತು.

"ಇದು ಏನ್ರಿ?"

"ಅನ್ನ."

"ದೇವರ ಮುಂದಿಟ್ರೆ?"

"ಎಡೆ. ಇಟ್ಟು ತೆಗೆದ್ರೆ ಪ್ರಸಾದ."

"ಸಿಟ್ಟು ಬಂದಾಗ?"

"ಕೂಳು," ಎಂದರು ತಿಪ್ಪಮ್ಮ ತಕ್ಷಣ. "ನಮ್ಮತ್ತೆ ಹತ್ತೊರ್ಷ ನನಗೆ ಅನ್ನ ಬಡಿಸ್ಲೇ ಇಲ್ಲ ಮೇಷ್ಟ್ರೇ, ಬರೀ ಕೂಳು. ಪಾತ್ರೆ ಅದೇ, ಅಕ್ಕಿ ಅದೇ."

"ಪಾತ್ರೆಯಾಗಿರೋದು ಡಿನೋಟೇಶನ್," ಎಂದರು ಗಾದ್ರಮ್ಮ ನಿಧಾನವಾಗಿ. "ಅತ್ತೆ ಬಾಯಾಗಿರೋದು ಕಾನೊಟೇಶನ್."

ಓಬಳಪ್ಪನವರು ಈ ವ್ಯಾಖ್ಯೆಯನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವರು ಓದಿದ್ದ ಮೂರು ಪುಸ್ತಕಗಳಲ್ಲಿ ಇಷ್ಟು ಚಿಕ್ಕದಾದದ್ದು ಇರಲಿಲ್ಲ.

ಯೂಫೆಮಿಸಂಗೆ ಕಷ್ಟಪಡಬೇಕಾಗಲಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಗಾದ್ರಮ್ಮ ಎಂದೂ ಮುಗಿದಿದೆ ಎಂದವರಲ್ಲ. "ಅಕ್ಕಿ ಹೆಚ್ಚೈತೆ ಸಾರ್, ತರಿಸ್ರಿ" ಎನ್ನುತ್ತಿದ್ದರು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಿದ್ದರು. ಹೊಸದಾಗಿ ಬಂದಾಗ ಓಬಳಪ್ಪನವರು ಇದನ್ನು ಕೇಳಿ, ಹೆಚ್ಚಿದ್ದರೆ ತರಿಸುವುದೇಕೆಂದು ಲಿಖಿತವಾಗಿ ವಿವರಣೆ ಕೇಳಿದ್ದೂ ಉಂಟು. ಇನ್ನು ಐರನಿಗೆ ತಿಪ್ಪಮ್ಮನೇ ಸಾಕಿತ್ತು. ಹತ್ತು ನಿಮಿಷ ತಡವಾಗಿ ಬಂದ ಮೇಷ್ಟ್ರನ್ನು ನೋಡಿ, "ಬರ್ರಿ ಬರ್ರಿ. ಸೂರ್ಯ ಇನ್ನೂ ಮುಳುಗಿಲ್ಲ, ಇಷ್ಟು ಬೇಗ ಬಂದುಬಿಟ್ರಾ?" ಎಂದರು. ಗಾದ್ರಮ್ಮ ಕೈ ಎತ್ತಿ, "ಸಾರ್, ಐರನಿ" ಎಂದು ಗುರುತಿಸಿದರು.

ಅದೇ ತಿಪ್ಪಮ್ಮ ಒಂದು ದಿನ ಮೇಷ್ಟ್ರ ವಿಜ್ಞಾನಕ್ಕೇ ಕೈ ಹಾಕಿದರು. ವಿಜ್ಞಾನದಲ್ಲಿ ಇಂಥ ಬಣ್ಣದ ಮಾತಿಗೆ ಜಾಗವಿಲ್ಲ, ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಎಂದು ಅವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದರು.

"ಮತ್ತೆ ಕರೆಂಟು ತಂತಿಯಾಗೆ ಹರಿತೈತೆ ಅಂತೀರಿ," ಎಂದರು ತಿಪ್ಪಮ್ಮ. "ಅದೇನು ನೀರಾ?"

ಓಬಳಪ್ಪನವರು ತಮ್ಮ ಪಾಠದ ಪದಗಳನ್ನು ಬೆರಳಲ್ಲಿ ಎಣಿಸತೊಡಗಿದರು. ಪ್ರವಾಹ. ಅಲೆ. ಕಾಂತಕ್ಷೇತ್ರ, ಕ್ಷೇತ್ರವೆಂದರೆ ಮತ್ತೆ ಹೊಲವೇ. ಜೀವಕೋಶ. ಮನೆಗೆ ಹೋದವರು ಹತ್ತನೇ ತರಗತಿಯ ವಿಜ್ಞಾನದ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ, ಮೊದಲ ಮೂರು ಅಧ್ಯಾಯದಲ್ಲೇ ನಲವತ್ತೇಳು ಗುರುತು ಹಾಕಿದರು. ಇದರಿಂದ ಅವರ ನಂಬಿಕೆ ಕುಸಿಯಿತೆಂದು ಹೇಳಲಾಗದು. ನೀರಿನ ಹಾಗೆ ಎಂದು ಊಹಿಸಿ ಆಮೇಲೆ ಅಳೆದು ನೋಡುವುದು ವಿಜ್ಞಾನ, ಊಹಿಸಿ ಅಲ್ಲಿಗೇ ಬಿಡುವುದು ಕಾವ್ಯ ಎಂದು ಒಂದು ಗೆರೆ ಎಳೆದು ಸಮಾಧಾನಪಟ್ಟರು. ಆದರೆ ಊಹಿಸುವ ತನಕ ಇಬ್ಬರೂ ಒಂದೇ ಮಣೆಯ ಮೇಲೆ ಕೂತಿರುತ್ತಾರೆ ಎಂಬುದನ್ನು ಒಪ್ಪಿಕೊಳ್ಳಬೇಕಾಯಿತು.

ಈ ನಡುವೆ ಮೇಷ್ಟ್ರ ಕೈಯಿಂದ ಹೊನ್ನಾಳಿಯೂ 'ಹೋಯಿತು'. ಒಲೆಯ ಮೇಲೆ ಶಿಳ್ಳೆ ಹಾಕುವ ಕುಕ್ಕರಿನ ಒಗಟು ಅವರಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅನ್ನಪೂರ್ಣ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ಚನ್ನಗಿರಿ ಕೊಟ್ರಿ. ಹೊನ್ನಾಳಿ ಕೊಟ್ರಿ. ಕೊಟ್ಕಳ್ರಿ, ನಿಮ್ಮಿಷ್ಟ. ನ್ಯಾಮತಿ ತಂಟೆಗೆ ಮಾತ್ರ ಹೋಗ್ಬ್ಯಾಡ್ರಿ. ಅದರಾಗೆ ನನ್ನ ತವರು ಐತೆ."

"ಬರೀ ಆಟ ಅನ್ನಪೂರ್ಣ. ನಿಜವಾಗಿ ಯಾರೂ ಊರು ತಗಳಲ್ಲ."

"ಆಟ ಅಂತ ನನಗೂ ಗೊತ್ತೈತೆ. ಹೇಳಿದ್ದು ನೆನಪಿಟ್ಕಳ್ರಿ."

ಪರೀಕ್ಷೆಗೆ ಎರಡು ದಿನವಿರುವಾಗ ಮೇಷ್ಟ್ರು ಹತ್ತು ಸಾಲು ಕೊಟ್ಟು ನೋಡಿದರು. ಗಾದ್ರಮ್ಮ ಎಂಟಕ್ಕೆ ಸರಿ ಹೇಳಿದರು. ಒಬ್ಬರ ಮೇಲೆ ಮಾಡಿದ ಒಂದು ಪರೀಕ್ಷೆಯಿಂದ ಏನನ್ನೂ ಸಾಧಿಸಲಾಗದೆಂದು ಅವರು ತಮಗೆ ತಾವೇ ಎಚ್ಚರಿಕೆ ಹೇಳಿಕೊಂಡರು. ಹತ್ತನೇ ತರಗತಿಯ ಅರ್ಧ ಮಕ್ಕಳಿಗೆ ಒಗಟಿನಿಂದ, ಅರ್ಧ ಮಕ್ಕಳಿಗೆ ಚಾರ್ಟಿನಿಂದ ಪಾಠ ಮಾಡಿಯೂ ನೋಡಿದ್ದರು. ಹೆಸರು ಹೇಳುವುದರಲ್ಲಿ ಚಾರ್ಟಿನವರು ತುಸು ಮುಂದಿದ್ದರು. ಯಾಕೆ ಎಂದು ವಿವರಿಸುವುದರಲ್ಲಿ ಒಗಟಿನವರು ಮುಂದಿದ್ದರು. ಒಗಟಿನ ಗುಂಪಿನಲ್ಲಿ ಮೂವರು ತಮ್ಮ ಊರುಗಳನ್ನು ಬರೆದಿದ್ದರು. ಆಮೇಲೆ ಗಾದ್ರಮ್ಮನನ್ನು ಕರೆದು ಗಂಭೀರವಾಗಿ ಹೇಳಿದರು:

"ನೋಡ್ರಿ, ಗೊತ್ತಿಲ್ಲದ್ದನ್ನ ಖಾಲಿ ಬಿಟ್ಟು ಬನ್ನಿ. ದಯವಿಟ್ಟು ಊರು ಕೊಡಬ್ಯಾಡಿ."

"ಆಗ್ಲಿ ಸಾರ್," ಎಂದರು ಗಾದ್ರಮ್ಮ. "ಹೊನ್ನಾಳಿ, ಜಗಳೂರು ಎರಡನ್ನೂ ಬಿಡಿಸ್ಕಂಡೇ ಬರ್ತೀನಿ."

ಪರೀಕ್ಷೆ ಚನ್ನಗಿರಿಯಲ್ಲಿತ್ತು. ಓಬಳಪ್ಪನವರು ಯಾವುದೋ ಕೆಲಸದ ನೆಪ ಮಾಡಿಕೊಂಡು ಕೇಂದ್ರದ ಗೇಟಿನ ಹತ್ತಿರ ಹೋಗಿ ನಿಂತರು. ಥರ್ಮಾಮೀಟರನ್ನು ಮೂರು ಸಲ ತೆಗೆದು ಮೂರು ಸಲ ಒಳಗಿಟ್ಟರು. ಗಂಟೆ ಹೊಡೆದ ಮೇಲೆ ಮಕ್ಕಳ ಗುಂಪಿನ ಹಿಂದೆ ಗಾದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು.

"ಹೆಂಗಾಯ್ತ್ರಿ?"

"ಒಂದು ಮೆಟಫರ್, ಒಂದು ಯೂಫೆಮಿಸಂ. ಎರಡೂ ನಮ್ಮನೆ ಹುಡುಗ್ರಿದ್ದಂಗೆ ಎದ್ರಿಗೇ ನಿಂತಿದ್ವು ಸಾರ್." ಅಷ್ಟು ಹೇಳಿ ದನಿ ತಗ್ಗಿಸಿದರು. "ಇನ್ನೊಂದು ಸಣ್ಣದು ಇತ್ತು, ಒಂದೇ ಮಾರ್ಕಿಂದು. ಕೂಗೋ ಮೌನ ಅಂತ ಏನೋ ಇಂಗ್ಲಿಷಿನಾಗೆ ಕೊಟ್ಟಿದ್ರು. ಇದಕ್ಕೆ ಏನಂತಾರೆ ಅಂತ. ನಮ್ಮ ಎಂಟರಾಗೆ ಯಾವುದಕ್ಕೂ ಕೂಡ್ಲಿಲ್ಲ."

ಓಬಳಪ್ಪನವರ ಮುಖ ಸಪ್ಪಗಾಯಿತು. ಒಂಬತ್ತನೆಯ ಚೌಕ. ಜಾಗವಿಲ್ಲವೆಂದು ಕೈಬಿಟ್ಟ ಆಕ್ಸಿಮೋರಾನ್. "ಅದು ನನ್ನ ತಪ್ಪು," ಎಂದರು. "ಹೋಗ್ಲಿ. ಖಾಲಿ ಬಿಟ್ರಿ ತಾನೇ?"

ಗಾದ್ರಮ್ಮ ರಸ್ತೆಯ ಆ ಕಡೆ ನಿಂತ ಆಟೋ ನೋಡುತ್ತಿದ್ದರು. "ಮನಸ್ಸು ಬರ್ಲಿಲ್ಲ ಸಾರ್. ಒಂದು ಮಾರ್ಕಿಗೆ ತಾಲ್ಲೂಕು ಯಾಕೆ ಅಂತ ಒಂದು ಹಳ್ಳಿ ಕೊಟ್ಟೆ. ನೀವು ದಿನಾ ಗೋವಿನಕೋವೀಲಿ ಇದ್ದಾಗ, ಗೋವಿನಕೋವೀಲಿ ಇದ್ದಾಗ ಅಂತಿದ್ರಲ್ಲ. ಅದೇ ಬಾಯಿಗೆ ಬಂತು."

ಆ ದಿನಗಳಲ್ಲಿ ಫಲಿತಾಂಶಕ್ಕಾಗಿ ಗಾದ್ರಮ್ಮನಿಗಿಂತ ಹೆಚ್ಚು ಚಡಪಡಿಸಿದವರು ಮೇಷ್ಟ್ರು. ಗೋವಿನಕೋವಿಯ ವಿಷಯವನ್ನು ಅವರು ಮನೆಯಲ್ಲಿ ಬಾಯಿಬಿಡಲಿಲ್ಲ. ಸುಧಾ ಮೇಡಂ ಒಮ್ಮೆ ಫೋನ್ ಮಾಡಿ, ಇನ್ನೊಬ್ಬರ ಅರ್ಜಿಯೂ ಬಂದಿದೆಯೆಂದು ತಿಳಿಸಿದ್ದರು. ಗಾದ್ರಮ್ಮ ಎಂದಿನಂತೆ ನಾಲ್ಕು ನೂರು ಜನಕ್ಕೆ ಉಪ್ಪು ಹಾಕುತ್ತಿದ್ದರು, ಎಂದಿನಂತೆ ಅದು ಸರಿಯಾಗಿಯೇ ಇರುತ್ತಿತ್ತು. ಒಂದು ದಿನ ಮಾತ್ರ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಫಲಿತಾಂಶ ಬಂದದ್ದು ಅವತ್ತೇ.

ನಲವತ್ತಮೂರು.

ಗಾದ್ರಮ್ಮ ಮೊಬೈಲನ್ನು ತಿಪ್ಪಮ್ಮನ ಕೈಗೆ ಕೊಟ್ಟರು, ತಿಪ್ಪಮ್ಮ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, "ಇಷ್ಟೇನಾ? ನಾನೇನೋ ನೂರಕ್ಕೆ ನೂರ ಹತ್ತು ತಗಂತೀಯ ಅಂದ್ಕಂಡಿದ್ದೆ" ಎಂದರು. ಆಮೇಲೆ ಕಣ್ಣು ಒರೆಸಿಕೊಂಡರು. ಇದು ಐರನಿಯೋ ಹೈಪರ್ಬಲಿಯೋ ಎಂದು ಯಾರೂ ಕೇಳಲಿಲ್ಲ.

ಸಂಜೆ ಗಾದ್ರಮ್ಮನೂ ಕೆಂಚೇಶನೂ ಪೇಡದ ಡಬ್ಬಿ ಹಿಡಿದು ತ್ಯಾವಣಿಗೆಗೆ ಬಂದರು. ಮುಂದಿನ ಸೋಮವಾರದಿಂದ ನ್ಯಾಮತಿಯ ಹಾಸ್ಟೆಲ್ಲಿಗೆ ಬರಬೇಕೆಂದು ಸುಧಾ ಮೇಡಂ ಹೇಳಿಯಾಗಿತ್ತು. ಕೆಂಚೇಶನಿಗೆ ಚಿಂತೆಯಿರಲಿಲ್ಲ, ಟ್ರ್ಯಾಕ್ಟರಿಗೆ ಎಲ್ಲ ಊರಿನ ಮಣ್ಣೂ ಒಂದೇ ಎಂದ. ಅನ್ನಪೂರ್ಣ ಕಾಫಿ ತಂದಿಟ್ಟರು. ಗಾದ್ರಮ್ಮ ಸಂಭ್ರಮದಲ್ಲಿ ಉಪ್ಪಿಲ್ಲದ ಸಾರಿನಿಂದ ಹಿಡಿದು ಪರೀಕ್ಷೆಯ ಕಥೆಯನ್ನೆಲ್ಲ ಹೇಳಿದರು. ಹೊನ್ನಾಳಿ, ಜಗಳೂರು ಬಿಡಿಸಿಕೊಂಡದ್ದನ್ನು ಹೇಳಿದರು. ಮೇಷ್ಟ್ರು ಕೆಮ್ಮಿದ್ದನ್ನು ಗಮನಿಸದೆ ಗೋವಿನಕೋವಿಯನ್ನೂ ಹೇಳಿಬಿಟ್ಟರು.

ಅನ್ನಪೂರ್ಣ ತಟ್ಟೆ ಕೆಳಗಿಟ್ಟರು. "ಗೋವಿನಕೋವಿ ಕೊಟ್ರಾ?"

"ಯಾಕ್ರಿ ಅಕ್ಕಾ?"

"ಅದು ನನ್ನ ತವರು."

ಗಾದ್ರಮ್ಮನ ಕೈ ಬಾಯಿಗೆ ಹೋಯಿತು. ಅನ್ನಪೂರ್ಣ ಅವರ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿದರು. "ಆ ಪ್ರಶ್ನೆ ನಿಮ್ಮ ಚಾರ್ಟಿನಾಗೆ ಯಾಕಿರ್ಲಿಲ್ಲ?"

"ಜಾಗ ಇರ್ಲಿಲ್ಲ," ಎಂದರು ಓಬಳಪ್ಪ.

"ಜಾಗ ಇರ್ಲಿಲ್ವಂತೆ. ನಮ್ಮಪ್ಪನ ಮನೆ ಹೋಯ್ತು, ಇವ್ರಿಗೆ ಜಾಗ ಇರ್ಲಿಲ್ವಂತೆ. ಇರ್ಲಿ. ಈಗ ನಾನೊಂದು ಹಾಕ್ತೀನಿ. ಬಿಡಿಸಿದ್ರೆ ಮಾಫಿ. ಇಲ್ಲಾಂದ್ರೆ ಊರು." ಅವರ ತುಟಿಯಂಚಿನಲ್ಲಿ ನಗು ಅಡಗಿತ್ತು. "ಗಾಜಿನ ಮನೆ, ಬಾಗಿಲಿಲ್ಲ. ಒಳಗಿರೋನು ಸೆಕೆ ಆದ್ರೆ ಎದ್ದು ನಿಲ್ತಾನೆ, ಚಳಿ ಆದ್ರೆ ಕುಗ್ಗಿ ಕೂರ್ತಾನೆ, ಮನೆ ಬಿಟ್ಟು ಮಾತ್ರ ಬರಲ್ಲ. ಯಾರು?"

ಗಾದ್ರಮ್ಮ ಮೇಷ್ಟ್ರ ಅಂಗಿಯ ಕಡೆ ಒಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರು. ಓಬಳಪ್ಪನವರು ಕಣ್ಣು ಮುಚ್ಚಿ ಯೋಚಿಸಿದರು. ಮೀನಿನ ತೊಟ್ಟಿ, ಲಾಂದ್ರ, ಬಲ್ಬು, ಬಿಸಿಯಾದ ಗಾಳಿ ಮೇಲೇರುವುದು, ಹಸಿರುಮನೆ ಪರಿಣಾಮ. ಒಂದೊಂದನ್ನೂ ಪರೀಕ್ಷಿಸಿ ಬದಿಗಿಟ್ಟರು. ಕಾಫಿ ಆರುತ್ತಿತ್ತು.

"ನ್ಯಾಮತಿ," ಎಂದರು ಕೊನೆಗೆ, ಕಣ್ಣು ತೆರೆಯದೆ.

"ಕಟ್ಕಂಡೆ," ಎಂದರು ಅನ್ನಪೂರ್ಣ. "ತಾಲ್ಲೂಕು ಬಂದ ಮೇಲೆ ಗೋವಿನಕೋವಿನೂ ಅದರಾಗೇ ಬಂತು. ಗಾದ್ರಮ್ಮಾ, ನೀವಿನ್ನು ನನ್ನೂರಾಗೆ ಅಡಿಗೆ ಮಾಡೋರು. ಆ ಹುಡುಗ್ರಿಗೆ ಸಾರಿಗೆ ಉಪ್ಪು ಮರೀಬ್ಯಾಡ್ರಿ."

"ಮರಿಯಲ್ಲ ಅಕ್ಕಾ."

"ಉತ್ತರ?" ಎಂದರು ಓಬಳಪ್ಪ. ಊರು ಕೈಸೇರಿದ ಮೇಲೆ ಉತ್ತರ ಹೇಳಲೇಬೇಕೆಂಬುದು ಅವರಿಗೀಗ ಚೆನ್ನಾಗಿ ಗೊತ್ತಿತ್ತು.

ಅನ್ನಪೂರ್ಣ ಕೈ ಚಾಚಿ ಅವರ ಜೇಬಿನ ಎರಡು ಪೆನ್ನುಗಳ ನಡುವಿನಿಂದ ಥರ್ಮಾಮೀಟರನ್ನು ಎಳೆದು ಕಾಫಿಯ ಲೋಟದ ಪಕ್ಕದಲ್ಲಿಟ್ಟರು. ಕೆಂಚೇಶ್ ನಕ್ಕ ರಭಸಕ್ಕೆ ಪೇಡದ ಡಬ್ಬಿ ಕೆಳಗುರುಳಿತು. ಓಬಳಪ್ಪನವರು ಥರ್ಮಾಮೀಟರನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಕೆಂಪು ಗೆರೆ ನಿಲ್ಲುವವರೆಗೆ ಕಾದರು.

"ಇಪ್ಪತ್ತೇಳೂವರೆ," ಎಂದರು.